ವಾಲಗದ ಮನೆಯ ಸ್ಯಾಕ್ಸೋಫೋನು

(ಮೈಸೂರಿನ ನಮ್ಮ ಬಡಾವಣೆಯಲ್ಲಿ ಸಂಗೀತ ಕೇಳುವವರ ಭಾನುವಾರದ ಕೂಟವೊಂದಿದೆ. ಅಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ನಗೆಚಾಟಿಕೆ ಒಂದೆರಡು ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲಿಗೇ ಒಂದು ತಕರಾರು. ಬಾಗಿಲ ಹತ್ತಿರ ಅಂಟಿಸಿರುವ ಹಾಳೆಯಲ್ಲಿ ‘ಜಾಝ್ ಸ್ಯಾಕ್ಸೋಫೋನ್ ವಾದಕ ಕದ್ರಿ ಗೋಪಾಲನಾಥ್’ ಅಂತ ಬರೆದಿದ್ದಾರೆ. ಬರೆದ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸ್ಯಾಕ್ಸೋಫೋನ್ ಅಂದ ಮೇಲೆ ಜಾಝ್, ಅಂದರೆ ಅಮೆರಿಕದಲ್ಲಿ ಹುಟ್ಟಿದ ಆ ಸಂಗೀತ, ಇರಲೇಬೇಕು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಆದರೆ ಗೋಪಾಲನಾಥರು ಜಾಝ್ ವಾದಕರಲ್ಲ. ಜಾಝ್ ವಾದಕರ ಪಕ್ಕ ಕೂತು ತಮ್ಮ ಮನೆಯ ಸಂಗೀತವನ್ನೇ ನುಡಿಸಿದವರು. ಜಾಝ್‌ನವರು ಅವರನ್ನು ಹುಡುಕಿಕೊಂಡು ಬಂದದ್ದೂ ಅದಕ್ಕೇ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ಸುತ್ತ ಸುತ್ತುತ್ತೆ.

ನಾನು ಸಂಗೀತ ವಿದ್ವಾಂಸನಲ್ಲ. ಮಂಡ್ಯದಲ್ಲಿ ಬ್ಯಾಂಡ್ ಸೆಟ್ಟಿನಲ್ಲಿ ಹನ್ನೊಂದು ವರ್ಷ ಕ್ಲಾರಿನೆಟ್ ಊದಿದವನು. ಮದುವೆ, ಊರಹಬ್ಬ, ಗಣಪತಿ ಬಿಡೋದು, ಎಲೆಕ್ಷನ್ ಗೆದ್ದವರ ಮೆರವಣಿಗೆ, ಎಲ್ಲದಕ್ಕೂ ಊದಿದ್ದೇನೆ. ಆಮೇಲೆ ಮೇಷ್ಟ್ರ ಕೆಲಸ ಸಿಕ್ಕಿ ಮೈಸೂರಿಗೆ ಬಂದೆ. ಹಾಗಾಗಿ ಊದುವವನ ತುಟಿಗೆ, ಬೆರಳಿಗೆ ಗೊತ್ತಾಗುವ ವಿಷಯಗಳನ್ನು ಜಾಸ್ತಿ ಹೇಳ್ತೀನಿ. ಸಹಿಸಿಕೊಳ್ಳಿ.

ಗೋಪಾಲನಾಥರು ಹುಟ್ಟಿದ್ದು 1949ರ ಡಿಸೆಂಬರ್ 6ರಂದು, ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ. ತಾಯಿ ಗಂಗಮ್ಮ. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗನಿಗೆ ಮೊದಲ ಪಾಠ ಅಪ್ಪನಿಂದ, ಅದೂ ನಾಗಸ್ವರದಲ್ಲೇ.

ನಾಗಸ್ವರಕ್ಕೆ ನಮ್ಮ ಮೈಸೂರು, ಮಂಡ್ಯ ಕಡೆ ವಾಲಗ ಅಂತೀವಿ. ಆ ಮಾತಿನಲ್ಲಿ ಪ್ರೀತಿ ಇದೆ, ಒಂದಿಷ್ಟು ತಾತ್ಸಾರವೂ ಇದೆ. ವಾಲಗದವರು ಊದದೆ ತಾಳಿ ಕಟ್ಟೋ ಹಾಗಿಲ್ಲ. ಊಟಕ್ಕೆ ಕೂರಿಸುವಾಗ ಮಾತ್ರ ಅವರು ಕೊನೇ ಪಂಕ್ತಿ. ಬ್ಯಾಂಡ್ ಸೆಟ್ಟಿನವರಾದ ನಮಗೂ ಅದೇ ಪಂಕ್ತಿ, ಆದ್ದರಿಂದ ಅವರ ಪಕ್ಕ ಕೂತು ಬೇಕಾದಷ್ಟು ಸಲ ಉಂಡಿದ್ದೇನೆ. ಅಲ್ಲಿ ಕೇಳಿಸಿಕೊಂಡ ಸಂಗೀತದ ಮಾತು ನಾನು ಯಾವ ಸಭೆಯಲ್ಲೂ ಕೇಳಿಲ್ಲ. ಎಲೆ ಮುಂದೆ ಕೂತು, ಅನ್ನ ಬರೋ ತನಕ, ಒಬ್ಬರು ತೊಡೆ ಮೇಲೆ ತಾಳ ಹಾಕುತ್ತಾ ಇನ್ನೊಬ್ಬರಿಗೆ ಪಲ್ಲವಿ ಲೆಕ್ಕ ತೋರಿಸ್ತಾ ಇರ್ತಿದ್ದರು.

ಈ ಮನೆಗಳಲ್ಲಿ ಹುಟ್ಟಿದ ಮಗುವಿಗೆ ರಾಗ ಅಂದರೆ ಪುಸ್ತಕದ ಆರೋಹಣ, ಅವರೋಹಣ ಅಲ್ಲ. ದೇವರ ಉತ್ಸವ ಬೀದಿಯಲ್ಲಿ ಸಾಗುವಾಗ, ಪಲ್ಲಕ್ಕಿ ನಿಂತಲ್ಲಿ ನಿಂತು, ಹೊರಟರೆ ಹೊರಟು, ಒಂದೇ ರಾಗವನ್ನು ಎಳೆದಷ್ಟೂ ಎಳೆಯುವ ಅಭ್ಯಾಸ ಅದು. ಮುಂದೆ ಏನು ಬರುತ್ತೆ ಅನ್ನೋದು ಊದುವವನ ಉಸಿರಿಗೆ ಬಿಟ್ಟದ್ದು. ಮನೋಧರ್ಮ ಅಂತ ನಾವು ದೊಡ್ಡ ಹೆಸರು ಕೊಟ್ಟಿದ್ದೇವಲ್ಲ, ಅದು ಅವರಿಗೆ ದಿನದ ಕೂಲಿ ಕೆಲಸ.

ಆ ಹುಡುಗನಿಗೆ ಸ್ಯಾಕ್ಸೋಫೋನಿನ ಹುಚ್ಚು ಹಿಡಿದದ್ದು ಎಲ್ಲಿ ಗೊತ್ತಾ? ಇಲ್ಲೇ ಮೈಸೂರಿನಲ್ಲಿ. ಅರಮನೆಯ ಬ್ಯಾಂಡ್ ಸೆಟ್ಟಿನಲ್ಲಿ ಅದನ್ನು ನುಡಿಸುವುದನ್ನು ನೋಡಿ, ಆ ತುಂಬು ದನಿಗೆ ಮನಸೋತು, ಕಲಿತರೆ ಇದನ್ನೇ ಕಲಿಯಬೇಕು ಅಂತ ನಿರ್ಧರಿಸಿದರು. ಮೈಸೂರಿನವರು ನಾವು ಪ್ರತಿಯೊಂದನ್ನೂ ಅರಮನೆಗೆ ಕಟ್ಟಿಹಾಕುತ್ತೇವೆ ಅಂತ ಹೊರಗಿನವರು ಆಡಿಕೊಳ್ಳುತ್ತಾರೆ. ಇದೊಂದು ವಿಷಯದಲ್ಲಿ ಆಡಿಕೊಳ್ಳೋ ಹಾಗಿಲ್ಲ.

ಅರಮನೆಗೆ ಈ ವಾದ್ಯ ಹೊಸದೇನೂ ಆಗಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಎಂಟು ವಾದ್ಯ ನುಡಿಸುತ್ತಿದ್ದರು. ವೀಣೆ, ಕೊಳಲು, ಪಿಟೀಲು, ಮೃದಂಗದ ಜೊತೆಗೆ ನಾಗಸ್ವರವೂ ಆ ಎಂಟರಲ್ಲಿ ಸೇರಿತ್ತು, ಸ್ಯಾಕ್ಸೋಫೋನೂ ಸೇರಿತ್ತು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಬೀದಿಯಲ್ಲಿ ವಾಲಗ, ಬ್ಯಾಂಡು ಬೇರೆ ಬೇರೆ ಅಂತ ನಾವು ಅಂದುಕೊಂಡಿದ್ದ ಕಾಲಕ್ಕೇ ಒಬ್ಬ ದೊರೆ ಎರಡನ್ನೂ ಬಾಯಿಗಿಟ್ಟುಕೊಂಡಿದ್ದರು. ಅವರ ನಂತರ ಬಂದ ಜಯಚಾಮರಾಜ ಒಡೆಯರು ಪಿಯಾನೋ ಕಲಿತವರು, ಲಂಡನ್ನಿನ ಫಿಲ್‌ಹಾರ್ಮೋನಿಯಾ ಸಂಗೀತ ಸಂಸ್ಥೆಗೆ 1948ರಲ್ಲಿ ಮೊದಲ ಅಧ್ಯಕ್ಷರಾದವರು. ಅವರೇ ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನೂ ರಚಿಸಿದರು. ಈ ಊರಿನ ಬ್ಯಾಂಡಿನಲ್ಲಿ ಕರ್ನಾಟಕದ್ದೊಂದು, ಇಂಗ್ಲಿಷಿನದೊಂದು ಅಂತ ಎರಡು ತಂಡ. ಇವತ್ತಿಗೂ ಪೊಲೀಸ್ ಬ್ಯಾಂಡಿನ ರೂಪದಲ್ಲಿ ಅವು ನಮ್ಮ ಕಣ್ಣೆದುರೇ ಇವೆ. ದಸರೆಯಲ್ಲಿ ಮೈಸೂರು ಸಂಸ್ಥಾನದ ಗೀತೆ ‘ಕಾಯೌ ಶ್ರೀ ಗೌರಿ’ ಬಂದಾಗ ನಾವು ಎದ್ದು ನಿಲ್ಲುತ್ತೇವೆ. ಹಿತ್ತಾಳೆ ಕೊಳವೆಗಳಲ್ಲಿ ಅದು ಬರುತ್ತಿದೆಯಲ್ಲ ಅಂತ ಯಾರಿಗೂ ವಿಚಿತ್ರ ಅನಿಸಲ್ಲ.

ಈಗ ವಾದ್ಯದ ವಿಷಯ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಎಂಬಾತ ಮಾಡಿ, 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದದ್ದು. ಮಿಲಿಟರಿ ಬ್ಯಾಂಡಿಗೆ ಸೇರಿತು, ಅಲ್ಲಿಂದ ಊರೂರು ಸುತ್ತಿತು. ಜಾಝ್ ಹುಟ್ಟುವ ಹೊತ್ತಿಗೆ ಇದಕ್ಕೆ ಅರ್ಧ ಶತಮಾನ ವಯಸ್ಸಾಗಿತ್ತು. ಅಂದರೆ ಜಾಝ್ ಕೂಡ ಇದನ್ನು ಬ್ಯಾಂಡಿನವರಿಂದ ಕಡ ತಂದದ್ದೇ. ಅವರು ಕಡ ತಂದು ತಮ್ಮದು ಮಾಡಿಕೊಂಡರೆ ಸರಿ, ಸಜೀಪದ ಹುಡುಗ ತಂದರೆ ಅಚ್ಚರಿ ಯಾಕೆ?

ಬ್ಯಾಂಡಿನವನಾಗಿ ಇನ್ನೊಂದು ಗುಟ್ಟು ಹೇಳ್ತೀನಿ. ನೋಡುವುದಕ್ಕೆ ಕ್ಲಾರಿನೆಟ್ಟೂ ನಾಗಸ್ವರವೂ ಅಣ್ಣತಮ್ಮಂದಿರ ಹಾಗೆ. ಎರಡೂ ಕಪ್ಪಗೆ, ನೇರಕ್ಕೆ, ಮರದ್ದು. ಸ್ಯಾಕ್ಸೋಫೋನೋ, ಬಗ್ಗಿಸಿದ ಹಿತ್ತಾಳೆ ಕೊಳವೆ. ಆದರೆ ಒಳಗೆ ಗಾಳಿ ಹೋಗುವ ದಾರಿ ನೋಡಿ. ಕ್ಲಾರಿನೆಟ್ಟಿನದು ಹೆಚ್ಚುಕಡಿಮೆ ಉದ್ದಕ್ಕೂ ಒಂದೇ ಅಗಲ. ನಾಗಸ್ವರ, ಸ್ಯಾಕ್ಸೋಫೋನ್ ಎರಡರದ್ದೂ ಬಾಯಿಯ ಹತ್ತಿರ ಸಣ್ಣ, ಹೋಗ್ತಾ ಹೋಗ್ತಾ ಅಗಲ. ಇದರಿಂದ ಏನಾಗುತ್ತೆ? ನಾಗಸ್ವರದಲ್ಲಿ ಜೋರಾಗಿ ಊದಿದರೆ ಅದೇ ಬೆರಳಿಗೆ ಮೇಲಿನ ಸ್ಥಾಯಿಯ ಅದೇ ಸ್ವರ ಬರುತ್ತೆ. ಸ್ಯಾಕ್ಸೋಫೋನಿನಲ್ಲೂ ಹಾಗೇ. ಕ್ಲಾರಿನೆಟ್ಟಿನಲ್ಲಿ ಬರೋದಿಲ್ಲ. ಅಲ್ಲಿ ಸ್ಥಾಯಿ ದಾಟಿ ಇನ್ನೂ ಮೇಲಿನ ಪಂಚಮಕ್ಕೆ ಹಾರುತ್ತೆ, ಮೇಲಿನ ಸ್ಥಾಯಿಗೆ ಬೆರಳನ್ನೇ ಬೇರೆ ಕಲಿಯಬೇಕು. ನಾನು ಅದರಲ್ಲಿ ಒದ್ದಾಡಿದವನು. ಹಾಗಾಗಿ ವಾಲಗದ ಮನೆಯ ಕೈಗೆ ಸ್ಯಾಕ್ಸೋಫೋನ್ ಕ್ಲಾರಿನೆಟ್ಟಿಗಿಂತ ಹತ್ತಿರದ ನೆಂಟ. ತಿರುಚಿಯ ಎ.ಕೆ.ಸಿ. ನಟರಾಜನ್ ಕ್ಲಾರಿನೆಟ್ಟಿನಲ್ಲಿ ಕರ್ನಾಟಕ ಸಂಗೀತವನ್ನು ಅಷ್ಟು ಎತ್ತರಕ್ಕೆ ಒಯ್ದರಲ್ಲ, ಆ ಮಹಾನುಭಾವರಿಗೆ ನನ್ನ ದೊಡ್ಡ ನಮಸ್ಕಾರ. ಅವರ ಕಷ್ಟ ನನಗೆ ಗೊತ್ತು.

ನೆಂಟ ಅಂದ ಮಾತ್ರಕ್ಕೆ ಕೆಲಸ ಸುಲಭ ಅಂತಲ್ಲ. ದೊಡ್ಡ ಅಡ್ಡಿ ಗಮಕದ್ದು, ಅಂದರೆ ಸ್ವರವನ್ನು ಅಲ್ಲಾಡಿಸೋದು, ಜಾರಿಸೋದು. ನಾಗಸ್ವರದಲ್ಲಿ ಬೆರಳು ನೇರ ರಂಧ್ರದ ಮೇಲೇ ಇರುತ್ತೆ. ಅರ್ಧ ಮುಚ್ಚಬಹುದು, ಕಾಲು ಮುಚ್ಚಬಹುದು, ಬೆರಳಿನ ಮಾಂಸವನ್ನು ಹಾಗೇ ಜಾರಿಸಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳು ಕೀಲಿ ಒತ್ತುತ್ತೆ, ಆ ಕೀಲಿ ಎಲ್ಲೋ ದೂರದ ರಂಧ್ರದ ಮೇಲೆ ಮುಚ್ಚಳ ಬಡಿಯುತ್ತೆ. ಮುಚ್ಚಳ ತೆಗೆದಿದೆ, ಇಲ್ಲ ಹಾಕಿದೆ. ನಮ್ಮ ರಾಗಕ್ಕೆ ಬೇಕಾದದ್ದು ಇಳಿಜಾರು, ಈ ವಾದ್ಯ ಕೊಡೋದು ಮೆಟ್ಟಿಲು. ತೋಡಿ ರಾಗದ ಗಾಂಧಾರ ಸ್ವರ ಅಲ್ಲಾಡದಿದ್ದರೆ ಅದು ತೋಡಿಯೇ ಅಲ್ಲ, ಅಲ್ವಾ?

ಒಂದು ಸಲ ನಮ್ಮ ಸೆಟ್ಟಿನ ಯಜಮಾನರು ಎಲ್ಲಿಂದಲೋ ಹಳೇ ಆಲ್ಟೋ ಸ್ಯಾಕ್ಸೋಫೋನ್ ತಂದರು. "ಗೋಪಾಲನಾಥರ ಕ್ಯಾಸೆಟ್ ಕೇಳಿದೀಯಲ್ಲ, ಹಂಗೆ ಊದು" ಅಂದರು. ಏನೋ ಉಪ್ಪಿಟ್ಟು ಮಾಡು ಅಂದ ಹಾಗೆ! ಮುಚ್ಚಳದ ಒಳಗಿನ ತೊಗಲು ಬಿರುಕು ಬಿಟ್ಟು ಗಾಳಿ ಸೋರುತ್ತಿತ್ತು. ಸೈಕಲ್ ಟ್ಯೂಬಿನ ಚೂರು ಕತ್ತರಿಸಿ ಅಂಟಿಸಿದೆ. ಮನೆಯಲ್ಲಿ ಮಾಯಾಮಾಳವಗೌಳದ ಸರಳೆ ಏನೋ ಬಂತು. ಸ್ವರ ಹಿಡಿದು ಅಲ್ಲಾಡಿಸೋಕೆ ಹೋದರೆ ಕೋಳಿ ಕೂಗಿದ ಹಾಗೆ. ಆ ವಾರದ ಮದುವೆ ಮೆರವಣಿಗೆಯಲ್ಲಿ, ಹಾಡಿನ ಮಧ್ಯೆ, ಟ್ಯೂಬಿನ ಚೂರು ಕಳಚಿ ಬಿತ್ತು. ಕೆಳಗಿನ ಸ್ವರಗಳೆಲ್ಲ ಗಾಳಿಗೆ ಹೋದವು. ನಾನು ಸುಮ್ನೆ ಕೆನ್ನೆ ಉಬ್ಬಿಸಿಕೊಂಡು ಊದುವವನ ಹಾಗೆ ನಡೆದೆ. ಗಂಡಿನ ಕಡೆಯವರು ಕುಣಿಯುತ್ತಲೇ ಇದ್ದರು, ಅದು ಬೇರೆ ಮಾತು.

ಗೋಪಾಲನಾಥರು ಇದನ್ನು ಪಳಗಿಸಿಕೊಳ್ಳುವುದಕ್ಕೆ ತೆಗೆದುಕೊಂಡದ್ದು ಸುಮಾರು 20 ವರ್ಷ. ನಾನು ಒಂದು ವಾರದಲ್ಲಿ ಕೈಬಿಟ್ಟೆ. ಇಪ್ಪತ್ತು ವರ್ಷ ಅನ್ನೋದನ್ನು ನಾವು ಬೇಗ ಓದಿ ಮುಂದೆ ಹೋಗ್ತೀವಿ. ಮದುವೆಯಾಗಿ, ಮಕ್ಕಳಾಗಿ, ಆ ಮಕ್ಕಳು ಕಾಲೇಜು ಸೇರೋ ಅಷ್ಟು ಕಾಲ ಅದು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರ ಹತ್ತಿರ ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತದ ಪಾಠ ಆಯಿತು. ಆಮೇಲೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಕೈಹಿಡಿದರು. ಟಿ.ವಿ.ಜಿ. ಸ್ವತಃ ಹಾಡುಗಾರರು, ಮೃದಂಗದವರು. ಹಾಡುವವರ ಹತ್ತಿರ ಕಲಿತದ್ದು ಬಹಳ ಮುಖ್ಯ ಅಂತ ನನಗೆ ಅನಿಸುತ್ತೆ. ಕೀಲಿಯಲ್ಲಿ ಇಲ್ಲದ ಇಳಿಜಾರನ್ನು ಎಲ್ಲಿ ಮಾಡಬೇಕು? ತುಟಿಯಲ್ಲಿ, ದವಡೆಯಲ್ಲಿ, ಗಂಟಲಲ್ಲಿ. ಬಾಯೊಳಗಿನ ರೀಡನ್ನು, ಅಂದರೆ ದನಿ ಹುಟ್ಟಿಸುವ ತೆಳು ಪಟ್ಟಿಯನ್ನು, ಕೂದಲೆಳೆಯಷ್ಟು ಸಡಿಲ ಬಿಟ್ಟರೆ ಸ್ವರ ಕೆಳಗೆ ಜಾರುತ್ತೆ, ಬಿಗಿ ಮಾಡಿದರೆ ಏರುತ್ತೆ. ಆದರೆ ಎಷ್ಟು ಜಾರಬೇಕು ಅನ್ನೋದು ಕಿವಿಗೆ ಮೊದಲೇ ಗೊತ್ತಿರಬೇಕು. ಅಪ್ಪನ ನಾಗಸ್ವರ ಕೇಳಿ ಬೆಳೆದ ಕಿವಿಗೆ ಅದು ಗೊತ್ತಿತ್ತು. ವಾದ್ಯ ಹೊಸದು, ಕಿವಿ ಹಳೇದು.

ಅವರು ಕೂರುತ್ತಿದ್ದ ರೀತಿಯನ್ನೂ ನೋಡಿ. ಬ್ಯಾಂಡಿನವರು ನಿಂತು, ನಡೆಯುತ್ತಾ ಊದ್ತೀವಿ. ಜಾಝ್‌ನವರು ನಿಂತು, ಬಳುಕುತ್ತಾ ಊದ್ತಾರೆ. ಇವರು ಝಗಮಗಿಸುವ ಜುಬ್ಬಾ ಹಾಕಿ, ಹಣೆಗೆ ಬೊಟ್ಟಿಟ್ಟು, ವೇದಿಕೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಊದಿದರು. ಪಕ್ಕದಲ್ಲಿ ಪಿಟೀಲು, ಮೃದಂಗ, ಮೋರ್ಸಿಂಗ್. ಪಿಟೀಲಿಗೆ ಬಹಳ ವರ್ಷ ಎ. ಕನ್ಯಾಕುಮಾರಿ.

ಮದ್ರಾಸಿನಲ್ಲಿ ಗಾಯಕ ಚೆಂಬೈ ಅವರ ಸ್ಮಾರಕ ಟ್ರಸ್ಟಿನ ಕಛೇರಿಯಿಂದ ಹೆಸರು ಬಂತು. ಬ್ಯಾಂಡಿನ ವಾದ್ಯದಲ್ಲಿ ತ್ಯಾಗರಾಜರ ಕೃತಿಯೇ ಅಂತ ಹುಬ್ಬೇರಿಸಿದರೆ, ಪಿಟೀಲಿನ ಕಥೆ ನೆನಪು ಮಾಡಿಕೊಂಡರೆ ಸಾಕು. ಅದೂ ಹೊರಗಿನಿಂದ ಬಂದದ್ದೇ. ಸುಮಾರು 200 ವರ್ಷದ ಹಿಂದೆ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತು ನಮ್ಮ ಸಂಗೀತಕ್ಕೆ ತಂದರು. ಅಣ್ಣನವರು ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿ ನೋಟುಸ್ವರಗಳನ್ನು ಮಾಡಿದರು. ನಮ್ಮ ತಿರುಮಕೂಡಲಿನ ಚೌಡಯ್ಯನವರು ಆ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿದರು, ದನಿ ಕೊನೇ ಸಾಲಿಗೂ ಕೇಳಲಿ ಅಂತ. ಈಗ ಪಿಟೀಲನ್ನು ಪರದೇಶಿ ಅನ್ನುವ ಧೈರ್ಯ ಯಾರಿಗಿದೆ?

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಕೊಂಡಿ ಇದೆ. ಗೋಪಾಲನಾಥರ ಕಛೇರಿ ಅಂದರೆ ಜನ ಕಾಯುತ್ತಿದ್ದದ್ದು ಕದನಕುತೂಹಲ ರಾಗದ ‘ರಘುವಂಶ ಸುಧಾ’ ಕೃತಿಗೆ. ಆ ರಾಗದ ಓಟವೇ ಬ್ಯಾಂಡಿನ ಓಟ. ಸ್ವರಗಳು ಮೆಟ್ಟಿಲು ಮೆಟ್ಟಿಲಾಗಿ ಹಾರುತ್ತವೆ, ಗಮಕ ಕಮ್ಮಿ. ಸ್ಯಾಕ್ಸೋಫೋನಿಗೆಂದೇ ಹೊಲಿದ ಅಂಗಿ ಅನ್ನಬೇಕು. ಅದನ್ನು ರಚಿಸಿದವರು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್. ಅವರ ಶಿಷ್ಯ ಯಾರು? ನಮ್ಮ ಮೈಸೂರು ವಾಸುದೇವಾಚಾರ್ಯರು. ಅರಮನೆಯ ಸಹಾಯದಿಂದಲೇ ತಿರುವಯ್ಯಾರಿಗೆ ಹೋಗಿ ಕಲಿತು ಬಂದವರು. ಒಂದು ಕಡೆ ಅರಮನೆ ಕಳಿಸಿದ ಶಿಷ್ಯ, ಇನ್ನೊಂದು ಕಡೆ ಅರಮನೆಯ ಬ್ಯಾಂಡ್ ಕೇಳಿದ ಹುಡುಗ. ಇಬ್ಬರೂ ಪಟ್ಣಂ ಅವರ ಮನೆ ಬಾಗಿಲಿಗೇ ಬಂದು ನಿಂತರು. (ಇಷ್ಟೆಲ್ಲ ಹೇಳಿ, ನನ್ನ ಮನಸ್ಸು ಮಾತ್ರ ಅವರ ವಿಳಂಬದ ಆಲಾಪನೆಯಲ್ಲೇ ಇದೆ. ಓಟಕ್ಕೆ ಚಪ್ಪಾಳೆ ಬೀಳುತ್ತೆ. ಇಪ್ಪತ್ತು ವರ್ಷದ ಕೆಲಸ ಕೇಳಿಸೋದು ನಿಧಾನದಲ್ಲಿ.)

ಈಗ ಜಾಝ್. 1980ರಲ್ಲಿ ಮುಂಬಯಿಯ ಜಾಝ್ ಉತ್ಸವ. ಗೋಪಾಲನಾಥರು ನುಡಿಸುವುದನ್ನು ಕ್ಯಾಲಿಫೋರ್ನಿಯಾದ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಕೇಳಿದರು. ಕೇಳಿ, ನಿಮ್ಮ ಜೊತೆ ನಾನೂ ವೇದಿಕೆಯಲ್ಲಿ ನುಡಿಸಬಹುದೇ ಅಂತ ತಾವೇ ಕೇಳಿಕೊಂಡರು. ಇದು ಸಣ್ಣ ಮಾತಲ್ಲ. ಹ್ಯಾಂಡಿ ಜಾಝ್ ಲೋಕದ ದೊಡ್ಡ ಹೆಸರಾದ ಚಾರ್ಲ್ಸ್ ಮಿಂಗಸ್ ತಂಡದಲ್ಲಿ ನುಡಿಸಿದ್ದವರು. ಸರೋದಿನ ಅಲಿ ಅಕ್ಬರ್ ಖಾನ್ ಜೊತೆ ಧ್ವನಿಮುದ್ರಣವನ್ನೂ ಮಾಡಿದ್ದವರು. ನಮ್ಮ ರಾಗ ಅಂದರೇನು ಅಂತ ಅವರ ಕಿವಿಗೆ ಗೊತ್ತಿತ್ತು. ಗೋಪಾಲನಾಥರು ಜಾಝ್ ಧಾಟಿಯನ್ನು ಅನುಕರಣೆ ಮಾಡಿದ್ದರೆ ಅವರು ಯಾಕೆ ಕೇಳಿಕೊಳ್ಳಬೇಕಿತ್ತು? ಅದು ಅವರ ಊರಲ್ಲಿ ಬೀದಿಗೊಬ್ಬರು ಮಾಡ್ತಾರೆ. ತಮ್ಮದೇ ಆಲ್ಟೋ ವಾದ್ಯದಲ್ಲಿ, ತಮಗೆ ಬಾರದ ಭಾಷೆ ಕೇಳಿಸಿತು. ಅದಕ್ಕೇ ಎದ್ದು ಬಂದರು.

ಜೊತೆಯಲ್ಲಿ ನುಡಿಸೋದು ಅಂದರೆ ಏನು ಕಷ್ಟ? ಜಾಝ್‌ನಲ್ಲಿ ಹಾಡಿನ ಅಡಿಯಲ್ಲಿ ಸ್ವರಗಳ ಗೊಂಚಲು ಬದಲಾಗುತ್ತಾ ಹೋಗುತ್ತೆ. ಕಾರ್ಡ್ ಅಂತಾರೆ. ವಾದಕ ಆ ಬದಲಾವಣೆಗೆ ತಕ್ಕ ಹಾಗೆ ತನ್ನ ಕಲ್ಪನೆಯನ್ನು ತಿರುಗಿಸಬೇಕು. ನಮ್ಮಲ್ಲಿ ಶ್ರುತಿ ಒಂದೇ, ತಂಬೂರಿ ಅಲ್ಲಾಡಲ್ಲ. ನಾವು ರಾಗದೊಳಗೆ ಆಳಕ್ಕೆ ಇಳಿಯುತ್ತೇವೆ, ಅವರು ದಾರಿಯುದ್ದಕ್ಕೂ ಊರು ಬದಲಾಯಿಸುತ್ತಾರೆ. ಇಬ್ಬರೂ ಆ ಗಳಿಗೆಗೆ ಹೊಳೆದದ್ದನ್ನು ನುಡಿಸುವವರು ಅನ್ನೋದು ನಿಜ, ಆದರೆ ಇಷ್ಟರಿಂದಲೇ ಎರಡೂ ಒಂದೇ ಅನ್ನೋದು ಸೋಮಾರಿ ಮಾತು. ಇಂಥ ಎಷ್ಟೋ ಜೋಡಿ ಕಛೇರಿಗಳಲ್ಲಿ ಒಬ್ಬರು ಸುಮ್ಮನಿದ್ದು ಇನ್ನೊಬ್ಬರಿಗೆ ಜಾಗ ಬಿಡ್ತಾರೆ ಅಷ್ಟೇ. ಫ್ಯೂಷನ್ ಅಂತ ಬಂದ ಕೆಲವು ಕ್ಯಾಸೆಟ್ಟುಗಳು, ಗೋಪಾಲನಾಥರದ್ದೂ ಸೇರಿ, ನನಗೆ ಹಿಡಿಸಿಲ್ಲ. ಇದನ್ನು ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ.

ಮುಂಬಯಿ ಆದ ಮೇಲೆ ಪ್ರಾಗ್, ಬರ್ಲಿನ್, ಮೆಕ್ಸಿಕೋ, ಪ್ಯಾರಿಸ್. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದ ಕಛೇರಿ. ಕರ್ನಾಟಕ ಸಂಗೀತದವರಿಗೆ ಅಲ್ಲಿ ಅದು ಮೊದಲ ಆಹ್ವಾನ. ಅದೇ ವರ್ಷ ಕೆ. ಬಾಲಚಂದರ್ ಅವರ ‘ಡ್ಯೂಯೆಟ್’ ತಮಿಳು ಚಿತ್ರ ಬಂತು. ಎ.ಆರ್. ರೆಹಮಾನ್ ಸಂಗೀತ, ಕಥಾನಾಯಕ ಸ್ಯಾಕ್ಸೋಫೋನ್ ವಾದಕ, ತೆರೆಯ ಹಿಂದೆ ಊದಿದವರು ನಮ್ಮವರು. ಕಛೇರಿಗೆ ಕಾಲಿಡದವರಿಗೂ ಆ ದನಿ ಮುಟ್ಟಿದ್ದು ಹಾಗೆ. 2004ರಲ್ಲಿ ಪದ್ಮಶ್ರೀ. ಪ್ರಶಸ್ತಿಗಳ ಪಟ್ಟಿ ಇನ್ನೂ ಉದ್ದ ಇದೆ, ಓದೋಕೆ ಹೋಗಲ್ಲ.

ನಾನು ನಿಲ್ಲಬೇಕು ಅಂದುಕೊಂಡದ್ದು ಇನ್ನೊಂದು ಕಡೆ. ರುದ್ರೇಶ್ ಮಹಾಂತಪ್ಪ ಅಂತ ಅಮೆರಿಕದಲ್ಲಿ ಒಬ್ಬ ವಾದಕ ಇದ್ದಾರೆ. ಹೆಸರು ಕೇಳಿದರೇ ಗೊತ್ತಾಗುತ್ತೆ, ಬೇರು ನಮ್ಮ ಕಡೆಯದು. ಹುಟ್ಟಿದ್ದು 1971ರಲ್ಲಿ ಇಟಲಿಯ ತ್ರಿಯೆಸ್ತೆಯಲ್ಲಿ, ಬೆಳೆದದ್ದು ಕೊಲರಾಡೋದಲ್ಲಿ. ಇವರು ಅಪ್ಪಟ ಜಾಝ್ ಸ್ಯಾಕ್ಸೋಫೋನ್ ವಾದಕರು, ಆ ಹಾಳೆಯಲ್ಲಿ ಬರೆದ ಮಾತು ಇವರಿಗೆ ಹೊಂದುತ್ತೆ. ಕಂದು ಮೈಬಣ್ಣ, ಕೈಯಲ್ಲಿ ಸ್ಯಾಕ್ಸೋಫೋನ್. ಕೇಳುವವರಿಗೆಲ್ಲ ಇವರು ಭಾರತೀಯ ಸಂಗೀತ ನುಡಿಸಬೇಕು ಅನ್ನೋ ನಿರೀಕ್ಷೆ. ಇವರಿಗೋ ಅದು ಗೊತ್ತೇ ಇಲ್ಲ. ಕಾಲೇಜಿನಲ್ಲಿದ್ದಾಗ ಅಣ್ಣ ತಮಾಷೆಗೆ ಅಂತ ಒಂದು ಧ್ವನಿಮುದ್ರಿಕೆ ತಂದುಕೊಟ್ಟರಂತೆ. ಭಾರತೀಯ ಶೈಲಿಯ ಸ್ಯಾಕ್ಸೋಫೋನ್ ಅಂತ ಅದರ ಹೆಸರು. ನಗೋಣ ಅಂತ ಹಾಕಿದರೆ, ಒಳಗೆ ಗೋಪಾಲನಾಥರು! ತಮಾಷೆ ಅಲ್ಲಿಗೆ ಮುಗಿಯಿತು.

ಎಷ್ಟೋ ವರ್ಷದ ಮೇಲೆ ರುದ್ರೇಶ್ ಗೋಪಾಲನಾಥರನ್ನು ಹುಡುಕಿಕೊಂಡು ಬಂದರು. ರಾಗಗಳನ್ನೇ ಆಧಾರ ಮಾಡಿಕೊಂಡು ರಚನೆಗಳನ್ನು ಕಟ್ಟಿದರು. 2008ರಲ್ಲಿ ‘ಕಿನ್ಸ್‌ಮೆನ್’ ಧ್ವನಿಮುದ್ರಿಕೆ ಹೊರಬಂತು. ಬಂಧುಗಳು ಅಂತ ಅರ್ಥ. ತಂಡಕ್ಕೆ ಇಟ್ಟ ಹೆಸರು ದಕ್ಷಿಣ. ಕನ್ಯಾಕುಮಾರಿಯವರ ಪಿಟೀಲು, ಪೂವಾಲೂರ್ ಶ್ರೀಜಿ ಅವರ ಮೃದಂಗ, ಜೊತೆಗೆ ಗಿಟಾರು, ಬಾಸ್, ಡ್ರಮ್ಸು. ಎರಡೂ ಆಲ್ಟೋ ಸ್ಯಾಕ್ಸೋಫೋನ್. ಒಂದೇ ಜಾತಿಯ ವಾದ್ಯ ಎರಡಿದ್ದರೆ ಯಾರು ಯಾವುದು ಅಂತ ಗೊತ್ತಾಗಲ್ಲ, ಅಲ್ವಾ? ಇಲ್ಲಿ ನಾಲ್ಕು ಸ್ವರದೊಳಗೆ ಗೊತ್ತಾಗುತ್ತೆ. ಒಂದರ ದನಿ ಚೂಪು, ಮೂಲೆ ಮೂಲೆ ತಿರುಗುತ್ತೆ. ಇನ್ನೊಂದು ಸ್ವರದಿಂದ ಸ್ವರಕ್ಕೆ ಜಾರುತ್ತೆ, ಪಲ್ಲಕ್ಕಿ ನಿಂತಲ್ಲಿ ನಿಲ್ಲುತ್ತೆ. ಆಗ ಗೋಪಾಲನಾಥರಿಗೆ ಅರವತ್ತು ಹತ್ತಿರ. ಸುತ್ತಲೂ ಡ್ರಮ್ಸು ಗುಡುಗುತ್ತಿದ್ದರೂ ಒಂದು ಗಮಕವನ್ನೂ ಅವಸರ ಮಾಡಿಲ್ಲ. ನೀವು ಜಾಝ್ ಕೇಳದವರಾದರೆ ಇದೊಂದನ್ನು ಕೇಳಿ ನೋಡಿ. ಮೊದಲ ಸಲ ತಲೆ ಗಿರ್ ಅನ್ನುತ್ತೆ. ಎರಡನೇ ಸಲಕ್ಕೆ ನಮ್ಮವರ ದನಿ ಹಿಡಿದುಕೊಂಡು ಹೋದರೆ ದಾರಿ ಸಿಗುತ್ತೆ.

2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ಗೋಪಾಲನಾಥರು ತೀರಿಕೊಂಡರು. 69 ವರ್ಷ.

ಮಾತು ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಕೇಳಿದರು: "ಮೇಷ್ಟ್ರೇ, ಎಲ್ಲಾ ಸರಿ. ಇವರು ಬಂದ ಮೇಲೆ ವಾಲಗದೋರು ಏನಾದ್ರು?"

ನಾನು ಸಿದ್ಧ ಮಾಡಿಕೊಂಡು ಬಂದ ಉತ್ತರ ಇರಲಿಲ್ಲ. ಕರಾವಳಿಯಲ್ಲಿ ದೇವಸ್ಥಾನದ ಉತ್ಸವಗಳಲ್ಲಿ ಈಗ ಸ್ಯಾಕ್ಸೋಫೋನ್ ಸಾಮಾನ್ಯ, ಡೋಲಿನ ಪಕ್ಕದಲ್ಲೇ ನಡೆಯುತ್ತೆ. ನಾಗಸ್ವರ ಊದುತ್ತಿದ್ದ ಎಷ್ಟೋ ಮನೆಯ ಮಕ್ಕಳು ಅದನ್ನೇ ಕಲಿತಿದ್ದಾರೆ. ಅಲ್ಲಿ ವಾದ್ಯ ಬದಲಾಯಿತು, ಊದುವವರು ಉಳಿದರು ಅಂದೆ. ನಮ್ಮ ಕಡೆ ಏನಾಯಿತು ಅನ್ನೋದಕ್ಕೆ ನೋಡಿದ್ದನ್ನೇ ಹೇಳಿದೆ.

ಹೋದ ವರ್ಷ ಮಂಡ್ಯದಲ್ಲಿ ನೆಂಟರ ಮದುವೆ. ಛತ್ರದಲ್ಲಿ ವಾಲಗವೂ ಇಲ್ಲ, ಬ್ಯಾಂಡೂ ಇಲ್ಲ. ಒಂದು ಮೂಲೆಯಲ್ಲಿ ದೊಡ್ಡ ಸ್ಪೀಕರು, ಅದಕ್ಕೆ ಫೋನು ಸಿಕ್ಕಿಸಿಕೊಂಡು ಒಬ್ಬ ಹುಡುಗ. ಬೆಳಗಿನಿಂದ ಗೋಪಾಲನಾಥರದ್ದೇ ನಡೆಯುತ್ತಿತ್ತು. ತಿಂಡಿಯ ಗದ್ದಲದಲ್ಲಿ ಯಾರೂ ಕೇಳುತ್ತಿರಲಿಲ್ಲ. ಧಾರೆ ಆಯಿತು, ಮುಹೂರ್ತ ಬಂತು. ಪುರೋಹಿತರು ಕೈಯೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅಂದರು. ಹುಡುಗ ಗಾಬರಿಯಾಗಿ ಫೋನು ತಿರುವಿದ. ಒಂದು ಜಾಹೀರಾತು ಬಂತು. ಅದನ್ನು ನಿಲ್ಲಿಸಿದರೆ ಮತ್ತೆ ಅದೇ ಸ್ಯಾಕ್ಸೋಫೋನ್, ನಿಧಾನದ ಆಲಾಪನೆ. ಪುರೋಹಿತರು ಇನ್ನೊಂದು ಸಲ ಕೂಗಿದರು. ಹೆಣ್ಣಿನ ಸೋದರಮಾವ ಓಡಿಹೋಗಿ ಹುಡುಗನ ಕೈಯಿಂದ ಫೋನು ಕಿತ್ತುಕೊಂಡು ತಾನೇ ಹುಡುಕತೊಡಗಿದ. ಗಂಡು ಇನ್ನೆಷ್ಟು ಹೊತ್ತು ಕಾಯ್ತಾನೆ? ಆ ಆಲಾಪನೆಯಲ್ಲೇ ಮೂರು ಗಂಟು ಹಾಕಿದ. ಅಕ್ಕಿಕಾಳು ನಮ್ಮ ತಲೆ ಮೇಲೆಲ್ಲ ಬಿದ್ದ ಮೇಲೆ ಸ್ಪೀಕರಿನಲ್ಲಿ ಡೋಲು ಶುರುವಾಯಿತು.